ತೋಳು ಉದ್ದವಾದ ಸ್ವೆಟರ್



ಉದಗೀರ, ನಿಲಂಗಾ, ಉಮರ್ಗಾ ಕಡೆಯ ನಾವು ಚಳಿಗೆ ಹಿಂದಿನಿಂದಲೂ ನಂಬಿದ್ದು ಕಂಬಳಿಯನ್ನು. ಮನೆಯಲ್ಲಿ ಕಂಬಳಿ ಎಂದರೆ ಅದೇ ಪೇಟೆಯಲ್ಲಿ ಘೋಂಗಡಿ. ಕುರುಬರು, ಧನಗರರು ಕುರಿಯ ಉಣ್ಣೆಯಿಂದ ನೇಯ್ದ ಈ ಕಂಬಳಿಗೆ ಅಳತೆಯ ಚಿಂತೆ ಇರಲಿಲ್ಲ. ಮಡಚಿ ಕೊಪ್ಪೆ ಹಾಕಿಕೊಂಡರೆ ಅಪ್ಪನಿಗೂ ಸರಿ, ಮಗನಿಗೂ ಸರಿ. ಕೂಸಿಗೆ ಮಾತ್ರ ಕುಂಚಿಗೆ ಹೊಲಿಯುತ್ತಿದ್ದರು. ಮರಾಠಿಯವರು ಅದನ್ನು ಕುಂಚಿ ಅನ್ನುತ್ತಾರೆ.

ಎರಡು ಕಡ್ಡಿ ಹಿಡಿದು ಹೆಣೆಯುವ ವಿದ್ಯೆ ನಮ್ಮಲ್ಲಿಗೆ ತಡವಾಗಿ ಬಂತು. ಈಜಿಪ್ತಿನಲ್ಲಿ ಹೆಣೆದ ಕಾಲುಚೀಲಗಳು ನೂರಾರು ವರ್ಷಗಳ ಹಿಂದಿನವು ಸಿಕ್ಕಿವೆ. ಇಂಗ್ಲೆಂಡಿನಲ್ಲಿ ವಿಲಿಯಂ ಲೀ ಎಂಬಾತ 1589ರಲ್ಲಿಯೇ ಕಾಲುಚೀಲ ಹೆಣೆಯುವ ಯಂತ್ರ ಮಾಡಿದ. ನಮ್ಮ ದೇಶದಲ್ಲಿ ಇಂಗ್ಲಿಷರ ಕಾಲದಲ್ಲಿ ಮಿಶನ್ ಶಾಲೆಗಳ ಮುಖಾಂತರ ಹೆಣ್ಣುಮಕ್ಕಳ ಕೈಗೆ ಈ ಕಡ್ಡಿಗಳು ಬಂದವು. 'ಸುಲಟ ಟಾಕಾ, ಉಲಟ ಟಾಕಾ' ಎಂದು ಎಣಿಸುವುದನ್ನು ನಮ್ಮ ಅವ್ವ ನೆರೆಮನೆಯ ಮರಾಠಿ ಬಾಯಿಯವರಿಂದ ಕಲಿತಳು. ಲೆಕ್ಕ ಮರಾಠಿಯಲ್ಲಿ, ಹರಟೆ ಕನ್ನಡದಲ್ಲಿ.

1962ರ ಅಕ್ಟೋಬರದಲ್ಲಿ ಚೀನಾ ಯುದ್ಧ ಸುರುವಾಯಿತು. ಹಿಮದಲ್ಲಿ ನಿಂತ ಜವಾನರಿಗಾಗಿ ದೇಶದ ತುಂಬಾ ಹೆಂಗಸರು ಸ್ವೆಟರ್ ಹೆಣೆದರು. ಅವ್ವನೂ ಒಂದು ಹೆಣೆದು ಕೊಟ್ಟಳಂತೆ. ನಾನಾಗ ಕೈಗೂಸು. "ಯಾರ ಮೈಗೆ ಹೋಯ್ತೋ, ಸರಿ ಆಯ್ತೋ ಇಲ್ಲೋ" ಎಂದು ಎಷ್ಟೋ ವರ್ಷ ಅನ್ನುತ್ತಿದ್ದಳು. ಮುಖ ನೋಡದವರಿಗೆ ಹೆಣೆದರೆ ಉಣ್ಣೆ ಕೊಡಬಹುದು, ಅಳತೆ ಕೊಡಲಾಗದು.

ಆ ಮಾತಿನ ಅರ್ಥ ನನಗೆ ತಿಳಿದದ್ದು 1993ರಲ್ಲಿ. ಸಪ್ಟೆಂಬರ್ 30ರ ನಸುಕಿನಲ್ಲಿ, ಗಣಪತಿ ಕಳಿಸಿ ಮಲಗಿದ ಜನರ ಮೇಲೆ ಕಲ್ಲುಮಣ್ಣಿನ ಗೋಡೆಗಳು ಬಿದ್ದವು. ಕಿಲ್ಲಾರಿ, ಸಾಸ್ತೂರ ಭಾಗದಲ್ಲಿ ಸಾವಿರಾರು ಜನ ತೀರಿದರು. ದೇಶದ ಮೂಲೆಮೂಲೆಯಿಂದ ಬಟ್ಟೆ ಬಂತು. ನಮ್ಮ ಓಣಿಯ ಬೀಗರ ಮನೆಗೆ ಉಮರ್ಗಾ ಕಡೆಯ ಏಳು ವರ್ಷದ ಹುಡುಗಿಯೊಂದು ಬಂದಿತ್ತು. ಅದರ ಮೈಮೇಲೆ ಎಲ್ಲಿಯೋ ಯಾವಳೋ ತಾಯಿ ಹೆಣೆದ ಸ್ವೆಟರ್. ತೋಳು ಎಷ್ಟು ಉದ್ದವೆಂದರೆ ಬೆರಳು ಸಹ ಕಾಣುತ್ತಿರಲಿಲ್ಲ. ಊಟಕ್ಕೆ ಕೂತರೆ ತೋಳು ಸಾರಿನಲ್ಲಿ ಅದ್ದುತ್ತಿತ್ತು.

ಬ್ಯಾಂಕಿನಿಂದ ಬಂದ ನಾನು ಕತ್ತರಿ ತಂದೆ. ಅವ್ವ ಕಸಿದುಕೊಂಡಳು. "ಅಂಗಿ ಅಲ್ಲ ಇದು. ಅಡ್ಡ ಕತ್ತರಿಸಿ ಬಿಟ್ರ ಓಡ್ತದ" ಅಂದಳು.

ಅವಳು ಮಾಡಿದ್ದು ಹೀಗೆ. ಮೊದಲು ಮುಂಗೈ ಎಲ್ಲಿಗೆ ಬರುತ್ತದೆಂದು ಮಗುವಿನ ಮೈಮೇಲೆಯೇ ನೋಡಿ ದಾರ ಕಟ್ಟಿದಳು. ತೋಳಿನ ಹೊಲಿಗೆ ಬಿಚ್ಚಿದಳು. ಗುರುತಿಗಿಂತ ಪಟ್ಟಿಯಷ್ಟು ಮೇಲೆ ಒಂದೇ ಒಂದು ಕುಣಿಕೆ ಕತ್ತರಿಸಿ, ಆ ಸಾಲಿನ ಎಳೆಯನ್ನು ಮೆಲ್ಲಗೆ ಹೊರಗೆಳೆದಳು. ಕೆಳಗಿನ ತುಂಡು ಬೇರೆಯಾಯಿತು. ಮೇಲೆ ಬಾಯಿ ತೆರೆದು ನಿಂತ ಕುಣಿಕೆಗಳನ್ನು ಒಂದೂ ಬಿಡದೆ ಕಡ್ಡಿಗೆ ಏರಿಸಿ, ಅಲ್ಲಿಂದ ಕೆಳಕ್ಕೆ ಹೊಸ ಪಟ್ಟಿ ಹೆಣೆದು ಮುಗಿಸಿ, ತೋಳನ್ನು ಮತ್ತೆ ಹೊಲಿದಳು. ಮೈ ಸಡಿಲಿತ್ತು. ಬಗಲಿನ ಹೊಲಿಗೆ ಒಳಗೆ ಹಿಡಿದಳು. ಬಿಗಿಯಾಗಿದ್ದರೆ ಬಗಲಿಗೆ ಒಂದು ಪಟ್ಟಿ ಹೆಣೆದು ಕೂಡಿಸಬಹುದಿತ್ತು.

ತುಂಡಾದ ತೋಳನ್ನು ಬಿಚ್ಚಿದಾಗ ನೂಲು ಸುರುಳಿ ಸುರುಳಿಯಾಗಿ ಬಂತು. ಅದನ್ನು ಕುರ್ಚಿಯ ಬೆನ್ನಿಗೆ ಸುತ್ತಿ ಲಡಿ ಮಾಡಿ, ಉಗುರುಬೆಚ್ಚಗಿನ ನೀರಲ್ಲಿ ನೆನೆಸಿ, ಕೆಳಗೆ ತೂಕ ಕಟ್ಟಿ ಒಣಗಿಸಿದಳು. ಎಳೆ ನೆಟ್ಟಗಾಯಿತು. ಬಿಸಿನೀರಲ್ಲಿ ತಿಕ್ಕಿದರೆ ಉಣ್ಣೆ ಕೂಡಿಕೊಂಡು ಗಟ್ಟಿಯಾಗುತ್ತದೆ, ಆಮೇಲೆ ಬಿಚ್ಚುವ ಮಾತೇ ಇಲ್ಲ.

ಉಳಿದ ಉಂಡೆಯನ್ನು ಅವ್ವ ಹುಡುಗಿಯ ಕೈಗೆ ಕೊಟ್ಟಳು. "ಇಟ್ಕೋ ತಾಯಿ. ನೀ ದೊಡ್ಡಾಕಿ ಆದಂಗ ತೋಳು ಉದ್ದ ಮಾಡ್ಲಿಕ್ಕ ಬೇಕಾಗ್ತದ." ನಾಕು ದಿನದಿಂದ ಬಾಯಿ ಬಿಡದ ಹುಡುಗಿ, "ಹೋ ಆಜಿ" ಅಂದಿತು.

ಬಾಂಧವರೇ, ನಮ್ಮ ತಾಲೂಕುಗಳ ಅಳತೆಯೂ ದೂರದಲ್ಲೇ ಆದದ್ದು. ಉದಗೀರ, ನಿಲಂಗಾ ಹೈದರಾಬಾದ್ ಸಂಸ್ಥಾನದ ಬೀದರ ಜಿಲ್ಲೆಯಲ್ಲಿದ್ದವು. 1956ರ ನವೆಂಬರ್ 1ಕ್ಕೆ ಬೀದರ ಮೈಸೂರಿಗೆ ಹೋಯಿತು, ಇವು ಮುಂಬಯಿ ರಾಜ್ಯಕ್ಕೆ ಸೇರಿ ಉಸ್ಮಾನಾಬಾದ್ ಜಿಲ್ಲೆಗೆ ಬಂದವು. 1960ಕ್ಕೆ ಮಹಾರಾಷ್ಟ್ರ, 1982ಕ್ಕೆ ಲಾತೂರ ಜಿಲ್ಲೆ. ಉಮರ್ಗಾ ಉಸ್ಮಾನಾಬಾದಿನಲ್ಲೇ ಉಳಿಯಿತು, 2023ರಿಂದ ಅದರ ಹೆಸರು ಧಾರಾಶಿವ. ಊರು ಅಲುಗಲಿಲ್ಲ, ಅಂಗಿ ಬದಲಾಯಿತು. ಶಾಲೆಗೆ ಮರಾಠಿ, ಒಲೆಯ ಮುಂದೆ ಕನ್ನಡ ಎಂದು ಮೈಗೆ ಹೊಂದಿಸಿಕೊಂಡವರು ನಾವೇ. ಹೊಂದಿಸಿಕೊಂಡದ್ದು ತಪ್ಪಲ್ಲ. ಉಳಿದ ಉಂಡೆಯನ್ನು ಮಕ್ಕಳ ಕೈಗೆ ಕೊಟ್ಟೆವೋ ಇಲ್ಲವೋ, ಅದನ್ನು ನೋಡಬೇಕು.

ಈಗ ಪೇಟೆಯಲ್ಲಿ ಲುಧಿಯಾನದ ಯಂತ್ರದ ಸ್ವೆಟರ್ ಅಗ್ಗಕ್ಕೆ ಸಿಗುತ್ತದೆ. ಹೊಂದದಿದ್ದರೆ ಬಿಸಾಡುತ್ತೇವೆ. ಅವ್ವ ಈಗಿಲ್ಲ, ಅವಳ ಕಡ್ಡಿಗಳಿವೆ. ನಿಮ್ಮ ಟ್ರಂಕಿನಲ್ಲಿ ಕೈಯಿಂದ ಹೆಣೆದ ಹಳೆಯ ಸ್ವೆಟರ್ ಇದ್ದರೆ ಕತ್ತರಿ ಹಾಕಬೇಡಿ. ಬಿಚ್ಚಲು ಬಲ್ಲ ಮುದುಕಿಯೊಬ್ಬಳು ಓಣಿಯಲ್ಲಿ ಇನ್ನೂ ಇರಬಹುದು, ಹೋಗಿ ಕೇಳಿರಿ. ಜೊತೆಗೆ ಮೊಮ್ಮಗಳನ್ನೂ ಕರೆದುಕೊಂಡು ಹೋಗಿರಿ.