ಕುಲಾವಿಯ ಕಥೆ: ನೆತ್ತಿಯಿಂದ ಕಿವಿಯವರೆಗೆ



ಜನವರಿಯ ಬೆಳಿಗ್ಗೆ ಆರೂವರೆಗೆ ವಿ.ಟಿ. ಸ್ಟೇಷನ್ನಿನಿಂದ ಫೋರ್ಟ್ ಕಡೆ ನೀವು ಯಾವತ್ತಾದರೂ ನಡೆದು ಬಂದಿದ್ದೀರಾ? (ಸಿಎಸ್‌ಎಂಟಿ ಎಂದೇ ಬರೆಯಬೇಕು, ಆದರೆ ಬಾಯಿ ಕೇಳುವುದಿಲ್ಲ.) ಬಂದಿದ್ದರೆ ನೋಡಿರುತ್ತೀರಿ. ಪೇಪರ್ ಜೋಡಿಸುವ ಹುಡುಗರು, ಬ್ಯಾಂಕಿನ ಕಾವಲುಗಾರರು, ಚಹಾದ ಕೆಟಲ್ ಹಿಡಿದವರು, ಎಲ್ಲರ ತಲೆಯ ಮೇಲೂ ಮಂಕಿ ಕ್ಯಾಪು. ಹವೆ ಎಷ್ಟು ಎಂದು ಕೇಳಿದರೆ ಹದಿನೆಂಟು ಡಿಗ್ರಿ! ಬೆಳಗಾವಿಯಿಂದಲೋ ಚಿಕ್ಕಮಗಳೂರಿನಿಂದಲೋ ಬಂದ ನೆಂಟರು ಇದನ್ನು ನೋಡಿ ನಗುತ್ತಾರೆ. ನಗಲಿ ಬಿಡಿ. ನಮ್ಮ ತಾಯಂದಿರ ಪ್ರಕಾರ ಚಳಿ ಮೈಯೊಳಗೆ ಹೊಗುವ ಬಾಗಿಲು ಒಂದೇ, ಅದು ಕಿವಿ. ಕಿವಿ ಮುಚ್ಚಿಕೊಂಡವನಿಗೆ ಶೀತ ನೆಗಡಿ ಇಲ್ಲ ಎಂಬುದು ಅವರ ವೈದ್ಯಶಾಸ್ತ್ರದ ಮೊದಲನೆಯ ಪಾಠ.

ಕಳೆದ ತಿಂಗಳು ನಮ್ಮ ಕನ್ನಡ ಕಾರ್ಯಕ್ರಮದಲ್ಲಿ ಗಾದೆ ಪೂರ್ತಿ ಮಾಡುವ ಆಟ ಆಡಿದ್ದು ನಿಮಗೆ ನೆನಪಿರಬಹುದು. "ಕೂಸು ಹುಟ್ಟುವ ಮೊದಲೇ..." ಎಂದು ಹೇಳಿ ನಾನು ನಿಲ್ಲಿಸಿದೆ. ಫೋನ್ ಮಾಡಿದವರಲ್ಲಿ ಮುಕ್ಕಾಲು ಮಂದಿ "ಕುಲಾವಿ" ಎಂದು ಥಟ್ಟನೆ ಹೇಳಿದರು. ಸರಿ, ಕುಲಾವಿ ಎಂದರೇನು ಎಂದು ಕೇಳಿದೆ ನೋಡಿ, ಆಟ ಅಲ್ಲಿಗೆ ಕೆಟ್ಟಿತು. ಒಬ್ಬರು ತೊಟ್ಟಿಲು ಎಂದರು. ಇನ್ನೊಬ್ಬರು ಜುಬ್ಬ ಎಂದರು. ಅಂಧೇರಿಯ ಒಬ್ಬ ಯುವಕರು ಅದು ಒಂದು ಬಗೆಯ ಸಿಹಿತಿಂಡಿ ಇರಬೇಕು ಎಂದರು. ಸರಿಯಾದ ಉತ್ತರ ಕೊಟ್ಟವರು ಇಬ್ಬರೇ. ಅವರಲ್ಲಿ ಒಬ್ಬರು ಮಾಟುಂಗದ ಅಜ್ಜಿ. ಅವರ ವಿಷಯ ಮುಂದೆ ಹೇಳುತ್ತೇನೆ.

ಕುಲಾವಿ ಎಂದರೆ ಎಳೆಗೂಸಿನ ಟೊಪ್ಪಿಗೆ. ಬರೀ ಟೊಪ್ಪಿಗೆಯಲ್ಲ, ಎರಡೂ ಪಕ್ಕ ಕಿವಿ ಮುಚ್ಚುವಂತೆ ಇಳಿದ ರೆಕ್ಕೆಗಳು, ಗಲ್ಲದ ಕೆಳಗೆ ಕಟ್ಟಲು ಲಾಡಿ. ನಮ್ಮ ಉತ್ತರ ಕರ್ನಾಟಕದಲ್ಲಿ ಇದಕ್ಕೊಬ್ಬಳು ಅಕ್ಕನಿದ್ದಾಳೆ, ಕುಂಚಿಗೆ. ಅದಕ್ಕೆ ಬೆನ್ನಿನ ಮೇಲೆ ಇಳಿಬೀಳುವ ಸೆರಗೂ ಉಂಟು. ಪಕ್ಕದ ಮರಾಠಿ ಮನೆಗಳಲ್ಲಿ ಕೇಳಿ, ಕುಂಚಿ ಎನ್ನುತ್ತಾರೆ, ದೊಡ್ಡವರದಾದರೆ ಕಾನಟೋಪಿ. ಕರಾವಳಿಯ ಕೇಳುಗರು ಮುಟ್ಟಾಳೆ ನೆನೆಸಿಕೊಳ್ಳಬಹುದು, ಆದರೆ ಅಡಿಕೆ ಹಾಳೆಯ ಆ ಟೊಪ್ಪಿ ತಲೆ ಕಾಯುತ್ತದೆಯೇ ಹೊರತು ಕಿವಿಯನ್ನಲ್ಲ. ಮಳೆಗಾಲದ ಕಂಬಳಿಕೊಪ್ಪೆ ಮಾತ್ರ ಎರಡನ್ನೂ ಕಾಯುತ್ತಿತ್ತು, ಅದೂ ಒಂದೇ ಒಂದು ಹೊಲಿಗೆ ಇಲ್ಲದೆ, ಬರೀ ಮಡಿಕೆಯಲ್ಲಿ.

ಪದ ಮಾತ್ರ ನಮ್ಮದಲ್ಲ. ಪಾರಸಿಯ 'ಕುಲಾಹ್', ಅಂದರೆ ಟೊಪ್ಪಿಗೆ, ನಮ್ಮ ನಾಲಿಗೆಯಲ್ಲಿ ಕುಲಾಯಿಯಾಗಿ ಕುಲಾವಿಯಾಯಿತು. ಪಾರಸಿ ದರಬಾರಿನ ಭಾಷೆಯಾಗಿದ್ದ ಕಾಲದಲ್ಲಿ ಉಡುವ ತೊಡುವ ಎಷ್ಟೋ ಹೆಸರುಗಳು ಹೀಗೆ ಕನ್ನಡಕ್ಕೆ ಬಂದವು, ಶಾಲು, ಪೈಜಾಮ, ರುಮಾಲು. ರುಮಾಲು ಎಂದರೆ ಮೂಲದಲ್ಲಿ ಮುಖ ಒರೆಸುವ ಬಟ್ಟೆ, ನಾವು ಅದನ್ನು ತಲೆಗೇ ಸುತ್ತಿಕೊಂಡೆವು! ಕುಲಾವಿಯದೂ ಇಂಥದೇ ಪ್ರಯಾಣ. ದೊಡ್ಡವರ ತಲೆಯಿಂದ ಇಳಿದು ತೊಟ್ಟಿಲಿಗೆ ಬಂದು ಅಲ್ಲಿಯೇ ಉಳಿಯಿತು.

ಈ ಕುಲಾವಿಯನ್ನು ನಮ್ಮವರು ಹೆಣೆಯುತ್ತಿರಲಿಲ್ಲ, ಹೊಲಿಯುತ್ತಿದ್ದರು. ಹಳೆಯ ಸೀರೆಯ ಸೆರಗು, ಉಳಿದ ಖಣದ ತುಂಡು, ಕತ್ತರಿ, ಸೂಜಿ. ಕತ್ತರಿಸಿದ ಬಟ್ಟೆಗೆ ಒಂದು ದೋಷವಿದೆ. ಅಳತೆ ಒಮ್ಮೆ ನಿಂತರೆ ನಿಂತೇ ಹೋಯಿತು. ಹುಟ್ಟಿದ ಮಗುವಿನ ತಲೆಯ ಸುತ್ತಳತೆ ಸುಮಾರು 35 ಸೆಂಟಿಮೀಟರ್, ವರ್ಷ ತುಂಬುವ ಹೊತ್ತಿಗೆ ಸುಮಾರು 46. ಮೊದಲೇ ಹೊಲಿದಿಟ್ಟರೆ ಯಾರ ತಲೆಗೆಂದು ಹೊಲಿಯುವುದು? ಗಾದೆಯ ಒಂದು ಅರ್ಥ ಇದು. ಇನ್ನೊಂದು ಅರ್ಥ ನಿಮಗೂ ಗೊತ್ತು. ಹುಟ್ಟಿದ ಕೂಸು ಉಳಿದೀತೋ ಇಲ್ಲವೋ ಎಂಬ ಕಾಲದಲ್ಲಿ ಹುಟ್ಟಿದ್ದು ಆ ಮಾತು.

ಇನ್ನು ಹೆಣಿಗೆಯ ಕಡೆ ಬರೋಣ. ನಮ್ಮಲ್ಲಿ ಉಣ್ಣೆಗೆ ಬರವಿರಲಿಲ್ಲ. ಕುರುಬರ ಕಂಬಳಿ ಇತ್ತಲ್ಲ! ಆದರೆ ಕಂಬಳಿ ಮಗ್ಗದ ಮೇಲೆ ನೇಯ್ದದ್ದು. ಕಡ್ಡಿಗಳಿಂದ ಕುಣಿಕೆಯೊಳಗೆ ಕುಣಿಕೆ ಎಳೆಯುವ ಹೆಣಿಗೆ ಈ ದೇಶಕ್ಕೆ ಬಹುಮಟ್ಟಿಗೆ ಯುರೋಪಿಯನ್ನರ ಜೊತೆ, ಮಿಷನ್ ಶಾಲೆಗಳ ಮೂಲಕ ಬಂತು. ಹಿಮಾಲಯದ ಲಾಹೌಲಿನಲ್ಲಿ 19ನೇ ಶತಮಾನದ ಮೊರಾವಿಯನ್ ಮಿಷನರಿಗಳು ಕಾಲುಚೀಲ ಹೆಣೆಯುವುದನ್ನು ಕಲಿಸಿದರು, ಇಂದಿಗೂ ಅಲ್ಲಿಯ ಕಾಲುಚೀಲಕ್ಕೆ ಹೆಸರಿದೆ. ಮುಂದೆ ಕಾನ್ಪುರ, ಧಾರಿವಾಲಗಳ ಗಿರಣಿಗಳು ಬಂದವು, ಉಣ್ಣೆಯ ಉಂಡೆ ಮಧ್ಯಮ ವರ್ಗದ ಮನೆಯೊಳಗೆ ಉರುಳಿತು.

ಯುರೋಪಿಗೂ ಅದು ಹೊರಗಿನಿಂದಲೇ ಹೋದದ್ದು. ನಮಗೆ ಸಿಕ್ಕಿರುವ ತೀರಾ ಹಳೆಯ ಹೆಣಿಗೆಗಳಲ್ಲಿ ಈಜಿಪ್ಟಿನ ನೀಲಿ–ಬಿಳಿ ಹತ್ತಿಯ ಕಾಲುಚೀಲಗಳಿವೆ, ಸಾವಿರ ವರ್ಷಕ್ಕೆ ಹತ್ತಿರದವು. ಅವುಗಳಲ್ಲಿ ಹಲವು ಬೆರಳ ತುದಿಯಿಂದ ಸುರುವಾಗಿ ಸುತ್ತು ಸುತ್ತಾಗಿ ಮೇಲೆ ಬೆಳೆದಿವೆ, ಎಲ್ಲೂ ಜೋಡಣೆಯ ಹೊಲಿಗೆ ಇಲ್ಲ. 1400ರ ಸುಮಾರಿಗೆ ಜರ್ಮನಿಯ ಬುಕ್ಸ್‌ಟೆಹೂಡೆಯ ಇಗರ್ಜಿಗಾಗಿ ಬರೆದ ಚಿತ್ರದಲ್ಲಿ ಮೇರಿ ತಾಯಿ ನಾಲ್ಕು ಕಡ್ಡಿ ಹಿಡಿದು ಬಾಲಯೇಸುವಿಗೆ ಅಂಗಿ ಹೆಣೆಯುತ್ತಿದ್ದಾಳೆ, ಅದೂ ಸುತ್ತು ಹೆಣಿಗೆಯೇ. ಇಂಗ್ಲೆಂಡಿನಲ್ಲಂತೂ 1571ರಲ್ಲಿ ಆರು ವರ್ಷ ದಾಟಿದ ಜನಸಾಮಾನ್ಯರೆಲ್ಲ ಭಾನುವಾರ, ಹಬ್ಬಹರಿದಿನಗಳಲ್ಲಿ ಉಣ್ಣೆಯ ಟೊಪ್ಪಿಗೆ ಹಾಕಲೇಬೇಕೆಂದು ಕಾನೂನು ಬಂತು. ಟೊಪ್ಪಿಗೆ ಕಸುಬಿನವರ ಹೊಟ್ಟೆಪಾಡಿಗಾಗಿ ಮಾಡಿದ ಕಾನೂನು, 1597ರಲ್ಲಿ ರದ್ದಾಯಿತು. ಜನರ ತಲೆಗೆ ಸರಕಾರ ಟೋಪಿ ಹಾಕಿದ್ದು ಅದೇ ಮೊದಲೂ ಅಲ್ಲ, ಕೊನೆಯೂ ಅಲ್ಲ!

ಕಿವಿಯ ರೆಕ್ಕೆಯಿರುವ ಟೊಪ್ಪಿಗೆಗೆ ಇಂದು ಜಗತ್ತಿನಲ್ಲಿ ಪ್ರಸಿದ್ಧವಾದ ಊರು ದಕ್ಷಿಣ ಅಮೆರಿಕದ ಆಂಡೀಸ್ ಪರ್ವತ. ಅಲ್ಲಿ ಅದರ ಹೆಸರು ಚುಲ್ಯೋ. ನಮಗೆ ಹತ್ತಿರದವರು ಟಿಬೇಟಿಯನ್ನರು. 1960ರಲ್ಲಿ ಬೈಲಕುಪ್ಪೆಯಲ್ಲಿ, 1966ರಲ್ಲಿ ಮುಂಡಗೋಡಿನಲ್ಲಿ ಅವರು ನಮ್ಮ ನೆರೆಯವರಾದರು. ಚಳಿಗಾಲ ಬಂತೆಂದರೆ ಸ್ವೆಟರಿನ ಗಂಟು ಕಟ್ಟಿಕೊಂಡು ದೇಶದ ಊರೂರಿಗೆ ಹೋಗುತ್ತಾರೆ, ನಮ್ಮ ಪರೇಲಿನಲ್ಲೂ ಅವರ ಸಾಲು ಅಂಗಡಿಗಳನ್ನು ನೀವು ಕಂಡಿರಬಹುದು. ಅವರು ಮಾರುವ ಮಾಲಿನಲ್ಲಿ ಬಹಳಷ್ಟು ಲುಧಿಯಾನದ ಯಂತ್ರದಲ್ಲಿ ತಯಾರಾದದ್ದು ಎಂಬುದು ಬೇರೆ ಮಾತು.

ನಮ್ಮ ಮಂಕಿ ಕ್ಯಾಪಿನ ಹಿರಿಯನಿಗೆ ಇಂಗ್ಲಿಷಿನಲ್ಲಿ ಬಾಲಾಕ್ಲಾವಾ ಎನ್ನುತ್ತಾರೆ. 1854ರ ಅಕ್ಟೋಬರ್ 25ರಂದು ಕ್ರಿಮಿಯಾದ ಬಾಲಾಕ್ಲಾವಾದಲ್ಲಿ ಯುದ್ಧ ನಡೆಯಿತು. ಚಳಿಗೆ ತತ್ತರಿಸಿದ ಸಿಪಾಯಿಗಳಿಗೆ ಇಂಗ್ಲೆಂಡಿನ ಹೆಂಗಸರು ಉಣ್ಣೆಯ ಟೊಪ್ಪಿಗೆ ಹೆಣೆದು ಕಳಿಸಿದರು. ಅದೇ ಯುದ್ಧದ ಸೇನಾಧಿಪತಿ ಲಾರ್ಡ್ ರಾಗ್ಲನ್ ತೋಳಿನ ಒಂದು ನಮೂನೆಗೆ ಹೆಸರಾದ, ಲಾರ್ಡ್ ಕಾರ್ಡಿಗನ್ ಗುಂಡಿಯ ಸ್ವೆಟರಿಗೆ ಹೆಸರಾದ. ಒಂದು ಯುದ್ಧ, ಮೂರು ಉಡುಪು. ಸತ್ತ ಸಿಪಾಯಿಗಳ ಹೆಸರು ಯಾವ ಅಂಗಿಗೂ ಬರಲಿಲ್ಲ.

ಇಲ್ಲಿಂದ ಕಥೆ ನಮ್ಮ ಫೋರ್ಟಿಗೆ ಬರುತ್ತದೆ. 1962. ಆ ವರ್ಷ ಸುರುವಾದದ್ದೇ ಚಳಿಯಿಂದ. ಜನವರಿ 22ರಂದು ಸಾಂತಾಕ್ರೂಜಿನಲ್ಲಿ 7.4 ಡಿಗ್ರಿ ದಾಖಲಾಯಿತು. ವರ್ಷದ ಕೊನೆಗೆ, ಅಕ್ಟೋಬರ್ 20ರಂದು, ಚೀನಾ ಗಡಿಯಲ್ಲಿ ಯುದ್ಧ. ಹಿಮಾಲಯದ ಎತ್ತರಕ್ಕೆ ನಮ್ಮ ಜವಾನರು ಹತ್ತಿಯ ಸಮವಸ್ತ್ರದಲ್ಲಿ, ಕ್ಯಾನ್ವಾಸ್ ಬೂಟಿನಲ್ಲಿ ಹೋಗಿದ್ದರು. ರಕ್ಷಣಾ ಮಂತ್ರಿ ಕೃಷ್ಣ ಮೆನನ್ ನಮ್ಮ ಉತ್ತರ ಮುಂಬೈಯಿಂದಲೇ ಗೆದ್ದವರು, ಅವರು ಖುರ್ಚಿ ಬಿಡಬೇಕಾಯಿತು. ಮುಖ್ಯಮಂತ್ರಿ ಯಶವಂತರಾವ್ ಚವಾಣರು ಇಲ್ಲಿಯ ಸಚಿವಾಲಯ ಬಿಟ್ಟು ದಿಲ್ಲಿಗೆ ಹೋಗಿ ರಕ್ಷಣಾ ಮಂತ್ರಿಯಾದರು. ದೇಶದ ತುಂಬ ಹೆಂಗಸರು ಕಡ್ಡಿ ಕೈಗೆತ್ತಿಕೊಂಡರು.

ಮಾಟುಂಗದ ಅಜ್ಜಿ ಆಗ ಅಜ್ಜಿಯಲ್ಲ, ಧಾರವಾಡದಿಂದ ಬಂದ ಹೊಸ ಟೈಪಿಸ್ಟು. ಫೋರ್ಟಿನ ಒಂದು ವಿಮಾ ಕಚೇರಿಯಲ್ಲಿ ಕೆಲಸ. ಮಧ್ಯಾಹ್ನದ ಬಿಡುವಿನಲ್ಲಿ ಡಬ್ಬಿ ಬೇಗ ಮುಗಿಸಿ ಹೆಂಗಸರೆಲ್ಲ ಟೊಪ್ಪಿಗೆ ಹೆಣೆಯಲು ಕೂರುತ್ತಿದ್ದರಂತೆ. ಅಜ್ಜಿಗೆ ಶಾಲೆಯಲ್ಲಿ ಕಲಿಸಿದ್ದು ಎರಡು ಕಡ್ಡಿಯ ಕ್ರಮ. ಅಂಚಿನಿಂದ ಸುರು, ಮೇಲೆ ಹೋಗಿ ನೆತ್ತಿಯಲ್ಲಿ ಮುಗಿಸಿ ಹಿಂದೆ ಹೊಲಿಯುವುದು. ಪಕ್ಕದ ಮೇಜಿನ ಪಾರ್ಸಿ ಬಾಯಿ ಅದನ್ನು ನೋಡಿ ತಲೆ ಅಲ್ಲಾಡಿಸಿದರಂತೆ. ಪಾರ್ಸಿ ಮನೆಗಳಲ್ಲಿ ಕುಸ್ತಿ, ಅಂದರೆ ಅವರ ಪವಿತ್ರ ಸೊಂಟದಾರ, 72 ಎಳೆ ಉಣ್ಣೆಯಲ್ಲಿ ಕೊಳವೆಯಂತೆ ನೇಯುತ್ತಾರೆ. ಜೋಡಣೆ ಇಲ್ಲದ ಉಣ್ಣೆಯ ಕೆಲಸ ಆ ಬಾಯಿಗೆ ಹೊಸದೇನಲ್ಲ. ನಾಲ್ಕು ಕಡ್ಡಿ ಕೊಟ್ಟು ನೆತ್ತಿಯಿಂದ ಸುರು ಮಾಡಿಸಿದರು.

ನೆತ್ತಿಯಿಂದಲೇ ಯಾಕೆ? ಅಜ್ಜಿಯ ಮಾತಲ್ಲೇ ಕೇಳಿ. "ಒಬ್ಬೊಬ್ಬರು ಮನ್ಯಾಗ ಉಳದ ಉಣ್ಣಿ ತರತಿದ್ರು. ಎಷ್ಟು ಅದ ಯಾರಿಗೆ ಗೊತ್ತು? ಕೆಳಗಿಂದ ಸುರು ಮಾಡಿದ್ರ ನಡುವ ಉಣ್ಣಿ ತೀರಿದಾಗ ನೆತ್ತಿ ಬೈಲು. ಮ್ಯಾಲಿಂದ ಬಂದ್ರ ಎಲ್ಲಿ ತೀರತದೋ ಅಲ್ಲಿಗೆ ಟೊಪ್ಪಿಗಿನ. ಇನ್ನೂ ಉಳದ್ರ ಕಿವಿ. ಅದರ ಮ್ಯಾಲೂ ಉಳದ್ರ ಕುತ್ತಿಗಿ."

ನವೆಂಬರ್ 21ರಂದು ಚೀನಾ ಕದನವಿರಾಮ ಸಾರಿತು. 1,300ಕ್ಕೂ ಹೆಚ್ಚು ಯೋಧರು ಸತ್ತಿದ್ದರು. ಅಜ್ಜಿಯ ಮೊದಲನೆಯ ಟೊಪ್ಪಿಗೆ ಇನ್ನೂ ಕಡ್ಡಿಯ ಮೇಲೇ ಇತ್ತು. ಗಡಿಯಲ್ಲಿ ಉಳಿದವರಿಗೆ ಚಳಿ ಉಳಿದಿತ್ತಲ್ಲ, ಹಾಗಾಗಿ ಹೆಣಿಗೆ ನಿಲ್ಲಿಸಲಿಲ್ಲ ಎಂದರು. ಒಂದು ಕ್ಷಣ ಸುಮ್ಮನಿದ್ದು, "ತಡಾ ಆತು" ಎಂದರು.

ಹತ್ತು ವರ್ಷದ ಮೇಲೆ, 1972ರಲ್ಲಿ, ಅಮೆರಿಕದ ಬಾರ್ಬರಾ ವಾಕರ್ ನೆತ್ತಿಯಿಂದ ಕೆಳಗೆ ಹೆಣೆಯುವುದರ ಮೇಲೆಯೇ ಒಂದು ಪುಸ್ತಕ ಬರೆದರು. ಹೆಣೆಯುತ್ತಲೇ ತಲೆಗೆ ಇಟ್ಟು ನೋಡಬಹುದು ಎಂಬುದು ಈ ಕ್ರಮದ ದೊಡ್ಡ ಗುಣ. ಇನ್ನೊಂದು ಗುಣ ನನಗೆ ಹೆಚ್ಚು ಹಿಡಿಸಿತು. ಹೆಣಿಗೆ ಸಲೀಸಾಗಿ ಬಿಚ್ಚುವುದು ಕೊನೆಗೆ ಹೆಣೆದ ತುದಿಯಿಂದ ಮಾತ್ರ. ನೆತ್ತಿಯಲ್ಲಿ ಮುಗಿಸಿದ ಟೊಪ್ಪಿಗೆಯ ಅಂಚನ್ನು ಉದ್ದ ಮಾಡುವುದು ಬಹಳ ಕಷ್ಟ. ನೆತ್ತಿಯಿಂದ ಸುರುವಾದದ್ದಾದರೆ ಬಿಚ್ಚುವ ತುದಿ ಕಿವಿಯ ಹತ್ತಿರ ಇರುತ್ತದೆ. ಮಗು ಬೆಳೆದರೆ ಅಂಚು ಬಿಚ್ಚಿ ಇನ್ನೂ ನಾಲ್ಕು ಸುತ್ತು ಹಾಕಿದರಾಯಿತು, ಅಗಲಕ್ಕೆ ಉಣ್ಣೆಯೇ ಹಿಗ್ಗಿಕೊಡುತ್ತದೆ.

ಕಡ್ಡಿ ಹಿಡಿಯಬಲ್ಲ ಕೇಳುಗರಿಗಾಗಿ ಅಜ್ಜಿಯ ಲೆಕ್ಕ ಇದು. ಎಂಟು ಕುಣಿಕೆಯಿಂದ ಸುರು. ಒಂದು ಸುತ್ತು ಬಿಟ್ಟು ಒಂದು ಸುತ್ತಿಗೆ ಎಂಟೆಂಟು ಕುಣಿಕೆ ಹೆಚ್ಚಿಸುತ್ತಾ ಹೋದರೆ ಹದಿನೆಂಟು ಸುತ್ತಿಗೆ ಎಂಬತ್ತಾಗುತ್ತದೆ. ಅಂಗುಲಕ್ಕೆ ಐದು ಕುಣಿಕೆ ಹಿಡಿದರೆ ಹದಿನಾರು ಅಂಗುಲದ ಸುತ್ತಳತೆ. ಆಮೇಲೆ ಹೆಚ್ಚಿಸದೆ ಕಿವಿಯ ಮೇಲಿನವರೆಗೆ ಇಳಿಯಿರಿ. ಅಲ್ಲಿ ಹಣೆಗೆ 26, ಕತ್ತಿನ ಹಿಂದೆ 14 ಕುಣಿಕೆ ಮುಚ್ಚಿದರೆ ಎರಡು ಕಿವಿಗೆ ಇಪ್ಪತ್ತಿಪ್ಪತ್ತು ಉಳಿಯುತ್ತದೆ. ಒಂದೊಂದು ರೆಕ್ಕೆಯನ್ನೂ ಬೇರೆಯಾಗಿ, ಉಲ್ಟಾ–ಸೀದಾ ಸಾಲಿನಲ್ಲಿ, ಎರಡೂ ಅಂಚಿಗೆ ಕಡಿಮೆ ಮಾಡುತ್ತಾ ನಾಲ್ಕು ಕುಣಿಕೆಗೆ ತಂದು ಅದನ್ನೇ ಲಾಡಿಯಾಗಿ ಮುಂದುವರಿಸಿ.

ಇಷ್ಟೆಲ್ಲ ಹೇಳಿ ಮುಗಿಸುವಾಗ ಅಜ್ಜಿ ಫೋನಿನಲ್ಲೇ ಕೇಳಿದರು, "ನಿಂದು ಉಸಿರು ಮೊದಲಿನಂಗ ಇಲ್ಲ ತಂಗಿ. ಓದೂವಾಗ ವಾಕ್ಯದ ನಡುವ ನಿಲ್ಲಾಕತ್ತಿ. ಎಷ್ಟನೇ ತಿಂಗಳು?"

ಸ್ಟುಡಿಯೋದಲ್ಲಿ ಯಾರಿಗೂ ಹೇಳಿರಲಿಲ್ಲ. ಎರಡು ವರ್ಷದ ಹಿಂದೆ ನಮ್ಮ ಮನೆಗೆ ಒಂದು ಕುಲಾವಿ ಮೊದಲೇ ಬಂದಿತ್ತು. ಅಮ್ಮ ತನ್ನ ಇಳಕಲ್ ಸೀರೆಯ ಸೆರಗಿನಲ್ಲಿ ಹೊಲಿದದ್ದು. ಅದು ಈಗಲೂ ಪೆಟ್ಟಿಗೆಯ ತಳದಲ್ಲಿದೆ. ಈ ಸಲ ಯಾರೂ ಏನೂ ತರಬಾರದೆಂದು ಮನೆಯಲ್ಲಿ ಕಟ್ಟಪ್ಪಣೆ ಮಾಡಿದ್ದೆ. ಅದನ್ನೂ ಅಜ್ಜಿಗೆ ಹೇಳಿದೆ, ಯಾಕೆ ಹೇಳಿದೆನೋ ಗೊತ್ತಿಲ್ಲ.

ಮುಂದಿನ ವಾರ ಸ್ಟುಡಿಯೋಗೆ ಒಂದು ಪೊಟ್ಟಣ ಬಂತು. ಒಳಗೆ ಹಳದಿ ಉಣ್ಣೆಯ ಸಣ್ಣ ಬಟ್ಟಲಿನಂಥದ್ದು, ಬರೀ ನೆತ್ತಿ. ಎಂಬತ್ತು ಕುಣಿಕೆಗಳನ್ನು ಒಂದು ಬಿಳಿ ದಾರದ ಮೇಲೆ ಪೋಣಿಸಿ ಗಂಟು ಹಾಕಿದ್ದಾರೆ. ಜೊತೆಗೆ ಉಳಿದ ಉಂಡೆ, ಕಡ್ಡಿಗಳು, ಒಂದು ಚೀಟಿ. "ಇದು ಕುಲಾವಿ ಅಲ್ಲ. ಕಿವಿ ಇಲ್ಲದ್ದು ಕುಲಾವಿ ಹೆಂಗ ಆಗತದ? ಕೂಸು ಬಂದ ಮ್ಯಾಲ ಮುಗಸು."

ಪೊಟ್ಟಣ ನನ್ನ ಮೇಜಿನ ಡ್ರಾಯರಿನಲ್ಲಿದೆ. ಚರ್ಚ್‌ಗೇಟ್ ಲೋಕಲಿನಲ್ಲಿ ಬೇರೆ ಉಣ್ಣೆ ಹಿಡಿದು ಅಭ್ಯಾಸ ಮಾಡುತ್ತಿದ್ದೇನೆ, ನಾಲ್ಕು ಕಡ್ಡಿ ಕೈಗೆ ಹೊಂದಲು ಇನ್ನೂ ಸಮಯ ಬೇಕು. ಏಪ್ರಿಲ್‌ನಿಂದ ಕೆಲವು ತಿಂಗಳು ನಿಮ್ಮ ಬೆಳಗಿನ ಕಾರ್ಯಕ್ರಮವನ್ನು ನನ್ನ ಸಹೋದ್ಯೋಗಿ ನಡೆಸಿಕೊಡುತ್ತಾರೆ. ನಿಮ್ಮ ಮನೆಯ ಪೆಟ್ಟಿಗೆಯಲ್ಲಿ ಹಳೆಯ ಕುಲಾವಿಯೋ ಕುಂಚಿಗೆಯೋ ಇದ್ದರೆ, ಯಾವ ಊರಿನದು, ಯಾರು ಹೊಲಿದದ್ದು ಎಂದು ನಾಲ್ಕು ಸಾಲು ಬರೆದು ಅವರಿಗೆ ಕಳಿಸಿ.