ಹಳೆಯ ಮನೆಯ ಖರೀದಿ ಮತ್ತು ದುರಸ್ತಿ: ಆರ್ಥಿಕ ಸಾಮರ್ಥ್ಯದ ಅಂದಾಜು

ಹಳೆಯ ಮನೆ ಖರೀದಿಸುವ ಯುವ ಕುಟುಂಬಗಳು ಸಾಮಾನ್ಯವಾಗಿ ಮಾಸಿಕ ಕಂತನ್ನಷ್ಟೇ ಲೆಕ್ಕಹಾಕುತ್ತವೆ. ಕೊರತೆ ಕಂಡುಬರುವುದು ಕೈಯಲ್ಲಿರಬೇಕಾದ ಹಣದಲ್ಲಿ. ಭಾರತೀಯ ರಿಸರ್ವ್ ಬ್ಯಾಂಕಿನ ನಿಯಮದನ್ವಯ 30 ಲಕ್ಷದಿಂದ 75 ಲಕ್ಷ ರೂ.ವರೆಗಿನ ಗೃಹಸಾಲವು ಮನೆಯ ಮೌಲ್ಯದ ಶೇ. 80ನ್ನು ಮೀರುವಂತಿಲ್ಲ. ಕರ್ನಾಟಕದ ನಗರ ಪ್ರದೇಶದಲ್ಲಿ 40 ಲಕ್ಷ ರೂ. ಬೆಲೆಯ ಸ್ವತಂತ್ರ ಮನೆಗೆ 32 ಲಕ್ಷ ರೂ. ಸಾಲ ದೊರೆತಲ್ಲಿ, ಉಳಿದ 8 ಲಕ್ಷ ರೂ.ಗಳನ್ನು ಖರೀದಿದಾರರೇ ಭರಿಸತಕ್ಕದ್ದು. ಉಪಕರ, ಅಧಿಭಾರ ಸೇರಿ ಶೇ. 5.6ರ ಮುದ್ರಾಂಕ ಶುಲ್ಕ ಹಾಗೂ 2025ರ ಆಗಸ್ಟ್ 31ರಿಂದ ಜಾರಿಯಲ್ಲಿರುವ ಶೇ. 2ರ ನೋಂದಣಿ ಶುಲ್ಕ ಸೇರಿದರೆ ಇನ್ನೂ 3.04 ಲಕ್ಷ ರೂ. ಬೇಕಾಗುತ್ತದೆ, ಮಾರ್ಗಸೂಚಿ ಬೆಲೆ ಹೆಚ್ಚಿದ್ದಲ್ಲಿ ಶುಲ್ಕವೂ ಹೆಚ್ಚುತ್ತದೆ. ಹೀಗೆ ದುರಸ್ತಿಗೆ ಮುನ್ನವೇ ಸ್ವಂತ ವೆಚ್ಚ 11 ಲಕ್ಷ ರೂ. ಮೀರುತ್ತದೆ.

ತಾರಸಿಯ ಸೋರಿಕೆ, ವಿದ್ಯುತ್ ತಂತಿ ಹಾಗೂ ಕೊಳಾಯಿ ಮಾರ್ಗಗಳನ್ನು ಎಂಜಿನಿಯರರಿಂದ ಪರಿಶೀಲಿಸಿ, ಮುಂಗಡ ನೀಡುವ ಮೊದಲೇ ಅಂದಾಜು ಪಟ್ಟಿ ಪಡೆಯುವುದು ಸೂಕ್ತ. ಸುಣ್ಣಬಣ್ಣವನ್ನು ಮುಂದೂಡಬಹುದು. ದುರಸ್ತಿ ಮುಗಿಯುವವರೆಗೆ ಬಾಡಿಗೆ ಮನೆಯಲ್ಲಿರುವವರಿಗೆ ಬಾಡಿಗೆಯ ಜೊತೆಗೆ, ಶೇ. 8.5 ಬಡ್ಡಿಯ 20 ವರ್ಷದ ಸಾಲವಾದರೆ, ತಿಂಗಳಿಗೆ ಸುಮಾರು 27,770 ರೂ. ಕಂತೂ ಬೀಳುತ್ತದೆ.