ಎತ್ತಿನಗಾಡಿಯಿಂದ ಪಿಕಪ್‌ವರೆಗೆ: ಮಡ್ ಫ್ಲ್ಯಾಪ್ ಕಥೆ

ನಮ್ಮಪ್ಪನ ಎತ್ತಿನಗಾಡಿಗೆ ಮರದ ಚಕ್ರ, ಸುತ್ತ ಕಬ್ಬಿಣದ ಪಟ್ಟಿ. ಕೆಸರು ಅಂಟುತ್ತಿತ್ತು, ಎತ್ತಿನ ನಡಿಗೆಗೆ ಅಲ್ಲೇ ಕಳಚಿ ಬೀಳುತ್ತಿತ್ತು. ಹಿಂದೆ ಬರೋರ ಮೈಗೆ ಹಾರುತ್ತಿರಲಿಲ್ಲ. ಆಮೇಲೆ ಟೈರ್ ಗಾಡಿ ಬಂತು, ಆಗಲೂ ಎಳೆಯೋದು ಎತ್ತೇ. 1986ರಲ್ಲಿ ಟಾಟಾ 407, 2005ರಲ್ಲಿ ಟಾಟಾ ಏಸ್ ಬಂದವು. ಮಂಡಿಗೆ ಹೋಗೋ ಮಾಲು ಎತ್ತು ಬಿಟ್ಟು ಇಂಜಿನ್ ಹತ್ತಿತು. ವೇಗ ಬಂತು, ಕೆಸರು ಕಲ್ಲು ಹಾರೋದೂ ಶುರುವಾಯ್ತು.

ನಾನು ತಗೊಂಡ ಹಳೇ ಪಿಕಪ್‌ಗೆ ಹಿಂದಿನ ಮಡ್ ಫ್ಲ್ಯಾಪ್ ಹರಿದು ಹೋಗಿತ್ತು. ರಬ್ಬರ್ ತುಂಡು ತಾನೆ ಅಂತ ಬಿಟ್ಟೆ. ಒಂದಿನ ಟೈರಿಂದ ಹಾರಿದ ಜಲ್ಲಿ ಕಲ್ಲು, ಹಿಂದೆ ಬೈಕಲ್ಲಿದ್ದ ನಮ್ಮೂರ ಹುಡುಗನ ಹುಬ್ಬಿಗೆ ಬಡೀತು. ನಾಲ್ಕು ಹೊಲಿಗೆ. ಕಣ್ಣು ಉಳೀತು. ಅವರಮ್ಮ ಒಂದು ಮಾತೂ ಬೈಲಿಲ್ಲ, ಅದೇ ಇವತ್ತಿಗೂ ಚುಚ್ಚುತ್ತೆ.

ಮಾರನೇ ದಿನವೇ ಹಾಕಿಸಿದೆ. ಅನುಭವದ ಮಾತು ಕೇಳಿ: ಲೋಡ್ ಹಾಕಿದ್ರೆ ಗಾಡಿ ತಗ್ಗುತ್ತೆ, ಆವಾಗಲೇ ಅಳತೆ ತಗೊಳ್ಳಿ, ನೆಲಕ್ಕೆ ಉಜ್ಜಬಾರದು. ಬೋಲ್ಟ್ ಕೆಳಗೆ ಕಬ್ಬಿಣದ ಪಟ್ಟಿ ಕೊಡಿಸಿ, ಇಲ್ಲಾಂದ್ರೆ ತೂತಿನ ಹತ್ರ ಹರಿಯುತ್ತೆ. ಹೊಲದಲ್ಲಿ ರಿವರ್ಸ್ ತಗೊಳ್ಳುವಾಗ ಬದುವಿಗೆ ಸಿಕ್ಕಿ ಟೈರಿನಡಿ ಹೋಗುತ್ತೆ, ಇಳಿದು ನೋಡಿ.

ಅಪ್ಪನ ಗಾಡಿಗೆ ಇದು ಬೇಕಿರಲಿಲ್ಲ. ನಮ್ಮ ವೇಗಕ್ಕೆ ಬೇಕು.